ಹಳೆ ಕಾರಿಗೆ ಯಾವ ಬ್ಲಾಸ್ಟಿಂಗ್? ಮರಳಿನಿಂದ ಡ್ರೈ ಐಸ್‌ವರೆಗೆ ಒಂದು ಹೋಲಿಕೆ

ಹಳೆಯ ಪದ್ಮಿನಿಯನ್ನೋ ಅಂಬಾಸಿಡರನ್ನೋ ಪೂರ್ತಿ ಬಿಚ್ಚಿ, ಬಾಡಿಯನ್ನು ಬೋಳು ತಗಡಿಗೆ ತರಬೇಕು ಅಂದಾಗ ಯಾವ ಶೆಡ್ಡಿಗೆ ಹೋದರೂ ಸಿಗುವ ಸಲಹೆ ಒಂದೇ: 'ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿಸಿಬಿಡಿ.' ಕಂಪ್ರೆಸರ್ ಗಾಳಿಯಲ್ಲಿ ಕಾಳುಗಳನ್ನು ರಭಸವಾಗಿ ಹೊಡೆದು ಬಣ್ಣ, ತುಕ್ಕು ಕೆರೆಯುವುದೇ ಬ್ಲಾಸ್ಟಿಂಗ್. ಆ ಒಂದು ಹೆಸರಿನ ಕೆಳಗೆ ಹತ್ತಾರು ಬೇರೆ ಬೇರೆ ಕೆಲಸಗಳಿವೆ. ಗೇಟಿಗೆ, ಟ್ರಸ್ಸಿಗೆ, ಲಾರಿ ಚಾಸಿಗೆ ಹೊಡೆಯುವ ಒತ್ತಡದಲ್ಲೇ, ಅದೇ ದಪ್ಪ ಕಾಳಿನಲ್ಲೇ ಕಾರಿನ ಬಾನೆಟ್ಟಿಗೂ ಹೊಡೆದರೆ ತುಕ್ಕು ಪೂರ್ತಿ ಹೋಗುತ್ತದೆ. ಆದರೆ ಬಾನೆಟ್ಟು ಮತ್ತೆಂದೂ ಮೊದಲಿನ ಆಕಾರಕ್ಕೆ ಬರುವುದಿಲ್ಲ.

ಹಾಗಾಗಿ 'ಕಾರಿಗೆ ಯಾವ ಮೀಡಿಯಾ (ಹೊಡೆಯುವ ಕಾಳು) ಒಳ್ಳೆಯದು' ಎಂದು ಕೇಳಬೇಡಿ. ಆ ಪ್ರಶ್ನೆಗೆ ಉತ್ತರವಿಲ್ಲ. ಬಿಚ್ಚಿಟ್ಟ ಒಂದೊಂದು ಭಾಗವನ್ನೂ ಎದುರಿಗಿಟ್ಟುಕೊಂಡು ಮೂರು ಸಂಗತಿ ನೋಡಿ. ತಗಡು ಎಷ್ಟು ದಪ್ಪ? ಅದರ ಮೇಲಿಂದ ತೆಗೆಯಬೇಕಾದ್ದು ಬಣ್ಣವೋ, ಪುಟ್ಟಿಯೋ, ತುಕ್ಕೋ, ಜಿಡ್ಡೋ? ಬೋಳಾದ ಮೇಲೆ ಅದಕ್ಕೆ ಏನನ್ನು, ಎಷ್ಟು ಗಂಟೆಯೊಳಗೆ ಬಳಿಯುತ್ತೀರಿ? ಇಷ್ಟು ಗೊತ್ತಾದರೆ ಮೀಡಿಯಾ ತಾನಾಗಿ ಆಯ್ಕೆಯಾಗುತ್ತದೆ.

ತಗಡು ಉಬ್ಬುವುದು ಯಾಕೆ

ಬ್ಲಾಸ್ಟಿಂಗ್ ಬಿಸಿಗೆ ತಗಡು ಸೊಟ್ಟಗಾಗುತ್ತದೆ ಎಂದು ಬಹಳ ಜನ ಹೇಳುತ್ತಾರೆ. ಬಿಸಿಯಾಗುವುದು ಸುಳ್ಳಲ್ಲ, ಆದರೆ ದೊಡ್ಡ ಕಾರಣ ಬೇರೆ. ನಾಝಲ್‌ನಿಂದ ಹೊರಟ ಪ್ರತಿಯೊಂದು ಕಾಳೂ ಒಂದು ಪುಟ್ಟ ಸುತ್ತಿಗೆ. ಅದು ಬಿದ್ದ ಜಾಗದಲ್ಲಿ ಲೋಹದ ಮೇಲ್ಪದರ ಚಪ್ಪಟೆಯಾಗಿ ಅಕ್ಕಪಕ್ಕಕ್ಕೆ ಹರಡುತ್ತದೆ. ಒಂದು ಕಡೆಯ ಮೇಲ್ಮೈ ಹೀಗೆ ಲಕ್ಷಾಂತರ ಪೆಟ್ಟು ತಿಂದು ಹಿಗ್ಗುತ್ತದೆ, ಹಿಂಬದಿ ಇದ್ದಷ್ಟೇ ಇರುತ್ತದೆ. ತಗಡಿಗೆ ಉಳಿದ ದಾರಿ ಒಂದೇ: ಪೆಟ್ಟು ಬಿದ್ದ ಕಡೆಗೆ ಉಬ್ಬುವುದು.

ಇದನ್ನು ಅಳೆಯಲೆಂದೇ ಒಂದು ಸರಳ ಸಾಧನವಿದೆ. 1940ರ ದಶಕದಲ್ಲಿ ಜನರಲ್ ಮೋಟರ್ಸ್‌ನ ಜಾನ್ ಆಲ್ಮೆನ್ ರೂಪಿಸಿದ ಪಟ್ಟಿ ಅದು: 76 ಮಿ.ಮೀ ಉದ್ದ, 19 ಮಿ.ಮೀ ಅಗಲ, 1.29 ಮಿ.ಮೀ ದಪ್ಪದ ಸ್ಪ್ರಿಂಗ್ ಸ್ಟೀಲ್. ನಾಲ್ಕು ಸ್ಕ್ರೂ ಹಾಕಿ ದಪ್ಪ ಕಬ್ಬಿಣದ ತುಂಡಿಗೆ ಬಿಗಿದು, ಮೇಲಿಂದ ಉಕ್ಕಿನ ಸಣ್ಣ ಗುಂಡುಗಳನ್ನು ಹೊಡೆದು, ಸ್ಕ್ರೂ ಸಡಿಲಿಸಿದ ಕೂಡಲೇ ಪಟ್ಟಿ ಬಿಲ್ಲಿನಂತೆ ಮೇಲಕ್ಕೆ ಬಾಗುತ್ತದೆ. ಅಷ್ಟು ಗಡುಸಾದ ಸ್ಪ್ರಿಂಗ್ ಸ್ಟೀಲೇ ಬಾಗುವಾಗ ಮೆತ್ತಗಿನ ಬಾಡಿ ಶೀಟಿನ ಪಾಡು ಊಹಿಸಿ. 20 ಗೇಜ್ ಶೀಟು 0.91 ಮಿ.ಮೀ. ನಲವತ್ತು ವರ್ಷ ತುಕ್ಕು ತಿಂದು, ಎರಡು ಮೂರು ಸಲ ಗ್ರೈಂಡರ್ ಕಂಡ ಮೇಲೆ ಅದು 0.6ಕ್ಕೆ ಇಳಿದಿದ್ದರೂ ಆಶ್ಚರ್ಯವಿಲ್ಲ.

ಪೆಟ್ಟಿನ ಬಲ ನಿಂತಿರುವುದು ಕಾಳಿನ ತೂಕ ಮತ್ತು ವೇಗದ ಮೇಲೆ. ವೇಗ ದುಪ್ಪಟ್ಟಾದರೆ ಬಲ ನಾಲ್ಕು ಪಟ್ಟು. ಕಾಳಿನ ವ್ಯಾಸ ಅರ್ಧಕ್ಕಿಳಿದರೆ ತೂಕ ಎಂಟನೇ ಒಂದು ಪಾಲು. ಅಂದರೆ ಕೈಯಲ್ಲಿರುವ ಅತಿ ಸುಲಭದ ಹಿಡಿತ ಕಾಳಿನ ಗಾತ್ರ. ಕಾಳು ಸಣ್ಣದು ಮಾಡಿ, ಒತ್ತಡ ಇಳಿಸಿ, ನಾಝಲ್ ಓರೆಯಾಗಿ ಹಿಡಿಯಿರಿ. ನೇರವಾಗಿ 90 ಡಿಗ್ರಿಯಲ್ಲಿ ಹೊಡೆದರೆ ಕಾಳು ಜಜ್ಜುತ್ತದೆ. 30ರಿಂದ 45 ಡಿಗ್ರಿಯಲ್ಲಿ ಹೊಡೆದರೆ ಕೆರೆಯುತ್ತದೆ. ನಮಗೆ ಬೇಕಿರುವುದು ಕೆರೆತ.

ಉಬ್ಬಿದೆಯೋ ಇಲ್ಲವೋ ನೋಡಲು ಬಾನೆಟ್ಟಿನ ನಡುವೆ ಅಂಗೈ ಇಟ್ಟು ಮೆಲ್ಲಗೆ ಒತ್ತಿ. ಡಬ್ಬದ ಮುಚ್ಚಳ ಒತ್ತಿದಂತೆ 'ಟಕ್' ಎಂದು ಒಳಗೆ ಹೋಗಿ, ಬಿಟ್ಟಾಗ ಮತ್ತೆ 'ಟಕ್' ಎಂದು ಹೊರಬಂದರೆ ತಗಡು ಹಿಗ್ಗಿದೆ. ಒಳ್ಳೆಯ ಟಿಂಕರ್ ಬಿಸಿ ಮಾಡಿ ಕುಗ್ಗಿಸಬಲ್ಲ. ಆದರೆ ಇಡೀ ಬಾನೆಟ್ಟು ಹಾಗಾಗಿದ್ದರೆ ಹೊಸದೋ ಸೆಕೆಂಡ್‌ಹ್ಯಾಂಡೋ ಹುಡುಕುವುದೇ ಕಡಿಮೆ ಖರ್ಚು.

ಮಡಿಕೆ, ತಿರುವು, ಎರಡು ಪದರ ಇರುವ ಭಾಗಗಳು ತಡೆದುಕೊಳ್ಳುತ್ತವೆ: ಫ್ಲೋರು, ಫೈರ್‌ವಾಲ್, ಹಿಂಜ್ ಪಿಲ್ಲರ್, ಚಕ್ರದ ಮೇಲಿನ ಒಳಗೂಡು, ಬಾಗಿಲಿನ ಒಳಚೌಕಟ್ಟು. ರೂಫಿನ ನಡುಭಾಗ, ಬಾನೆಟ್ ಮತ್ತು ಡಿಕ್ಕಿಯ ಹೊರಮೈ, ಬಾಗಿಲಿನ ಹೊರಮೈ, ಜೀಪಿನ ಚಪ್ಪಟೆ ಪಕ್ಕೆ ಇವು ತಡೆಯುವುದಿಲ್ಲ. ಅಂಬಾಸಿಡರಿನ ದುಂಡನೆಯ ಮಡ್‌ಗಾರ್ಡು ಜೀಪಿನ ಚಪ್ಪಟೆ ಬಾನೆಟ್ಟಿಗಿಂತ ಎಷ್ಟೋ ಹೆಚ್ಚು ಪೆಟ್ಟು ತಿನ್ನಬಲ್ಲದು, ಎರಡೂ ಒಂದೇ ದಪ್ಪವಿದ್ದರೂ. ತಿರುವೇ ಅದರ ಬಲ.

ಮರಳು: ಬೇಡ

ಇದರಲ್ಲಿ ಹೋಲಿಕೆಗೆ ಜಾಗವೇ ಇಲ್ಲ. ನದಿ ಮರಳು ಬಹುಪಾಲು ಕ್ವಾರ್ಟ್ಸ್, ಅಂದರೆ ಹರಳು ಸಿಲಿಕಾ. ತಗಡಿಗೆ ಬಡಿದ ಕೂಡಲೇ ಒಡೆದು ಕಣ್ಣಿಗೆ ಕಾಣದ ಧೂಳಾಗುತ್ತದೆ, ಆ ಧೂಳು ಶ್ವಾಸಕೋಶದ ತಳ ಸೇರಿ ಸಿಲಿಕೋಸಿಸ್ ತರುತ್ತದೆ. ಕೋಲಾರದ ಚಿನ್ನದ ಗಣಿಯಲ್ಲಿ ದುಡಿದವರ ಮನೆಗಳಲ್ಲಿ ಆ ಹೆಸರು ಹೊಸದಲ್ಲ. ಬಂದದ್ದು ವಾಸಿಯಾಗುವುದಿಲ್ಲ. ಬ್ರಿಟನ್ 1949ರ ನಿಯಮಗಳಲ್ಲೇ ಮರಳಿನ ಬ್ಲಾಸ್ಟಿಂಗನ್ನು ಕಾರ್ಖಾನೆಗಳಿಂದ ಹೊರಹಾಕಿತು. ಅಮೆರಿಕದಲ್ಲಿ ಕಾರ್ಮಿಕರ ಆರೋಗ್ಯ ನೋಡಿಕೊಳ್ಳುವ ನಿಯೋಶ್ ಸಂಸ್ಥೆ 1974ರಲ್ಲಿ ನಿಷೇಧಕ್ಕೆ ಶಿಫಾರಸು ಮಾಡಿತು. ನಮ್ಮ 1948ರ ಕಾರ್ಖಾನೆ ಕಾಯ್ದೆಯೂ ಸಿಲಿಕೋಸಿಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತ್ತು.

'ಎಂ-ಸ್ಯಾಂಡ್ ಹಾಕ್ತೀವಿ, ನದಿ ಮರಳಲ್ಲ' ಎಂಬ ಉತ್ತರ ಬಂದರೆ ಒಪ್ಪಬೇಡಿ. ಎಂ-ಸ್ಯಾಂಡ್ ಇಲ್ಲಿ ಗ್ರಾನೈಟನ್ನೂ ನೈಸ್ ಎಂಬ ಪಟ್ಟೆಪಟ್ಟೆಯ ಗಟ್ಟಿ ಕಲ್ಲನ್ನೂ ಪುಡಿ ಮಾಡಿದ್ದು. ಅವುಗಳಲ್ಲೂ ಕ್ವಾರ್ಟ್ಸ್ ಧಾರಾಳ. ಮೂತಿಗೆ ಟವೆಲ್ ಕಟ್ಟಿಕೊಂಡು ಮರಳು ಹೊಡೆಯುವ ಹುಡುಗನ ಕೈಗೆ ನಿಮ್ಮ ಕಾರು ಕೊಟ್ಟರೆ ಉಳಿದ ದುಡ್ಡು ಅವನ ಉಸಿರಿನಿಂದ ಬಂದದ್ದು.

ಗಾರ್ನೆಟ್: ಉಕ್ಕಿನ ಬಾಡಿಗೆ ಮೊದಲ ಆಯ್ಕೆ

ಬಣ್ಣ, ಪುಟ್ಟಿ, ತುಕ್ಕು ಮೂರನ್ನೂ ಒಟ್ಟಿಗೆ ತೆಗೆಯಬೇಕಾದ ಉಕ್ಕಿಗೆ ಗಾರ್ನೆಟ್ ಬಿಟ್ಟು ಬೇರೆ ಯೋಚಿಸುವ ಅಗತ್ಯ ಕಡಿಮೆ. ಕಾಠಿಣ್ಯ 1ರಿಂದ 10ರವರೆಗಿನ ಮೋಸ್ ಮಾಪಕದಲ್ಲಿ 7ರಿಂದ 7.5, ಸಾಂದ್ರತೆ ನೀರಿನ ನಾಲ್ಕು ಪಟ್ಟು. ಸಿಲಿಕಾ ಅದರಲ್ಲಿದ್ದರೂ ಹರಳಿನೊಳಗೆ ಬೆಸೆದುಕೊಂಡಿರುತ್ತದೆ. ಬಿಡಿ ಕ್ವಾರ್ಟ್ಸ್ ಒಳ್ಳೆಯ ದರ್ಜೆಯಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆ. ಭಾರತದ ಗಾರ್ನೆಟ್ ಹೆಚ್ಚಾಗಿ ಬರುವುದು ಒಡಿಶಾ, ತಮಿಳುನಾಡಿನಂಥ ಕಡೆಯ ಕಡಲ ಮರಳಿನಿಂದ. ಕಡಲಿನದು ಎಂದಮೇಲೆ ಉಪ್ಪಿನ ವಿಚಾರ ಬರುತ್ತದೆ: ಚೆನ್ನಾಗಿ ತೊಳೆದು ಒಣಗಿಸಿದ ಮಾಲೇ ಬೇಕು. ಒಂದು ಹಿಡಿಯನ್ನು ಗಾಜಿನ ಲೋಟದ ಶುದ್ಧ ನೀರಿಗೆ ಹಾಕಿ ಕಲಕಿ, ಬೆಳಕಿಗೆ ಹಿಡಿಯಿರಿ. ನೀರಿನ ಮೇಲೆ ಎಣ್ಣೆಯ ಕಾಮನಬಿಲ್ಲು ಕಂಡರೆ ಅದು ಯಾರೋ ಒಮ್ಮೆ ಬಳಸಿ ಮತ್ತೆ ಚೀಲ ತುಂಬಿದ್ದು. ನೀರು ಕೆಸರಾಗಿ ತಿಳಿಯಾಗದೆ ನಿಂತರೆ ಧೂಳು ಹೆಚ್ಚಿದೆ.

ದರ್ಜೆ ಎರಡು ಸಾಕು (ಮೆಷ್ ಅಂದರೆ ಜರಡಿಯ ಅಳತೆ, ಅಂಕಿ ದೊಡ್ಡದಾದಷ್ಟೂ ಕಾಳು ನಯ). 30/60 ಮೆಷ್ ಜೀಪಿನ ಚಾಸಿ, ಆಕ್ಸಲ್, ಸಸ್ಪೆನ್ಷನ್ ತೋಳುಗಳಿಗೆ, 80ರಿಂದ 100 ಪಿಎಸ್‌ಐ. ಬಾಡಿ ಶೀಟಿಗೆ 80 ಮೆಷ್ ಅಥವಾ ಇನ್ನೂ ನಯವಾದದ್ದು, 35ರಿಂದ 50 ಪಿಎಸ್‌ಐ, ಒಂದು ಅಡಿಗೂ ಹೆಚ್ಚು ದೂರದಿಂದ, ಎಲ್ಲೂ ನಿಲ್ಲದಂತೆ. ಬ್ಲಾಸ್ಟರ್ ಕೈ ಒಂದೇ ಜಾಗದಲ್ಲಿ ಎರಡು ಸೆಕೆಂಡು ನಿಂತರೂ ಅಲ್ಲೊಂದು ಉಬ್ಬು ಏಳುತ್ತದೆ. ಪುಟ್ಟಿ ದಪ್ಪವಿದ್ದ ಕಡೆ ಜನ ತಾಳ್ಮೆ ಕಳೆದುಕೊಂಡು ಒತ್ತಡ ಏರಿಸುತ್ತಾರೆ. ಪುಟ್ಟಿ ರಬ್ಬರಿನ ಹಾಗೆ ಕಾಳನ್ನು ಹಿಂದಕ್ಕೆ ಎಸೆಯುತ್ತದೆ, ಸುತ್ತಲಿನ ಬೋಳು ತಗಡು ಆ ಹೊತ್ತಿಗೆ ಪೂರ್ತಿ ಪೆಟ್ಟು ತಿಂದಿರುತ್ತದೆ. ಪುಟ್ಟಿಯನ್ನು ಮೊದಲೇ ಬಿಸಿಗಾಳಿ ಗನ್ ಮತ್ತು ಸ್ಕ್ರೇಪರ್‌ನಿಂದ ಎಬ್ಬಿಸಿ, ಆಮೇಲೆ ಬ್ಲಾಸ್ಟಿಂಗಿಗೆ ಕೊಡಿ.

ಎಷ್ಟು ಬೇಕು? ಪ್ರೆಷರ್ ಪಾಟ್‌ನಿಂದ (ಕಾಳು ತುಂಬಿ ಒತ್ತಡದಲ್ಲಿ ಹೊರಡಿಸುವ ಟ್ಯಾಂಕು) ಹೊಡೆಯುವಾಗ ತುಕ್ಕಿನ ಉಕ್ಕಿಗೆ ಚದರ ಮೀಟರಿಗೆ 10ರಿಂದ 15 ಕಿಲೋ ಲೆಕ್ಕ ಹಿಡಿಯಿರಿ. ಜೀಪಿನ ಚಾಸಿಗೆ 25 ಕಿಲೋದ ಮೂರು ಚೀಲ ಸಾಕಾಗಬಹುದು. ಬೇರೆ ಚಾಸಿ ಇಲ್ಲದ ಮಾನೊಕಾಕ್ ಬಾಡಿಗೆ ಒಳಗೂ ಹೊರಗೂ ಸೇರಿ 300 ಕಿಲೋ ದಾಟುತ್ತದೆ. ಕೆಳಗೆ ಟಾರ್ಪಾಲು ಹಾಸಿ, ಬಿದ್ದದ್ದನ್ನು ಜರಡಿ ಹಿಡಿದರೆ ಎರಡು ಮೂರು ಸಲ ಬಳಸಬಹುದು. ಮೊದಲ ಸುತ್ತು ಚಾಸಿಗೆ, ಒಡೆದು ನಯವಾದ ಎರಡನೇ ಸುತ್ತು ಬಾಡಿಗೆ ಎಂದುಕೊಂಡರೆ ಒಂದೇ ಮಾಲು ಎರಡೂ ಕೆಲಸಕ್ಕೆ ಬರುತ್ತದೆ.

ಅಲ್ಯೂಮಿನಿಯಂ ಆಕ್ಸೈಡ್, ಉಕ್ಕಿನ ಗುಂಡು, ಸ್ಲ್ಯಾಗ್

ಅಲ್ಯೂಮಿನಿಯಂ ಆಕ್ಸೈಡ್ ಗಾರ್ನೆಟ್‌ಗಿಂತ ಗಡುಸು, ಮೋಸ್ 9. ಚೂಪು ಬೇಗ ಹೋಗುವುದಿಲ್ಲ, ಹತ್ತಾರು ಸಲ ಮತ್ತೆ ಬಳಸಬಹುದು, ಆದರೆ ದುಬಾರಿ. ಹೊರಗೆ ಬಯಲಿನಲ್ಲಿ ಹೊಡೆದು ಚೆಲ್ಲುವ ವಸ್ತುವಲ್ಲ. ಬಾಗಿಲು ಮುಚ್ಚುವ ಕ್ಯಾಬಿನೆಟ್ಟಿನಲ್ಲಿ ಬ್ರಾಕೆಟ್, ಹಿಂಜ್, ಪೆಡಲ್, ಬೋಲ್ಟುಗಳಿಗೆ 80 ಅಥವಾ 120 ಗ್ರಿಟ್ ಇಟ್ಟುಕೊಳ್ಳಿ. ಕ್ಯಾಬಿನೆಟ್ಟಿನ ಕಿಟಕಿ ಗಾಜು ಬೇಗ ಮಸುಕಾಗುತ್ತದೆ, ಮೇಲೆ ಪಾರದರ್ಶಕ ಶೀಟು ಅಂಟಿಸಿ ಬದಲಿಸುತ್ತಿರಿ.

ಉಕ್ಕಿನ ಗುಂಡು ಮತ್ತು ಗ್ರಿಟ್ (ಚೂಪು ಚೂರು) ನೀರಿನ ಏಳೂವರೆ ಪಟ್ಟು ತೂಗುತ್ತವೆ. ಬಾಡಿಯ ಹತ್ತಿರ ತರಲೇಬೇಡಿ. ಪ್ಲೇಟ್ ಸ್ಪ್ರಿಂಗಿಗೆ ಮಾತ್ರ ದುಂಡು ಗುಂಡು ನಿಜಕ್ಕೂ ಒಳ್ಳೆಯದು. ತಗಡನ್ನು ಕೆಡಿಸುವ ಅದೇ ಹಿಗ್ಗುವಿಕೆ ಸ್ಪ್ರಿಂಗಿನ ಮೇಲ್ಮೈಯಲ್ಲಿ ಒತ್ತಡದ ಪದರವಾಗಿ ನಿಂತು ಬಿರುಕು ಶುರುವಾಗದಂತೆ ತಡೆಯುತ್ತದೆ. ಕಾರ್ಖಾನೆಯಲ್ಲೂ ಸ್ಪ್ರಿಂಗ್ ತಯಾರಿಸುವಾಗ ಇದನ್ನೇ ಮಾಡುತ್ತಾರೆ. ಅದೇ ಸ್ಪ್ರಿಂಗಿಗೆ ಚೂಪು ಗ್ರಿಟ್ ಹೊಡೆದರೆ ಗೀರುಗಳಾಗಿ ಬಿರುಕಿಗೆ ದಾರಿಯಾಗುತ್ತದೆ.

ತಾಮ್ರದ ಸ್ಲ್ಯಾಗ್ ಹಡಗುಕಟ್ಟೆಗಳ ವಸ್ತು. ಅಗ್ಗ, ಒರಟು, ಧೂಳು ವಿಪರೀತ, ಭಾರಲೋಹದ ಅಂಶವೂ ಇರುತ್ತದೆ. ಕಾರಿಗೆ ಬೇಡ.

ಗಾಜಿನ ಮಣಿ: ಅಲ್ಯೂಮಿನಿಯಂ ಹೊಳಪಿಗೆ, ತುಕ್ಕಿಗಲ್ಲ

ಗ್ಲಾಸ್ ಬೀಡ್ ದುಂಡಗಿದೆ. ಕೆರೆಯುವುದಿಲ್ಲ, ತಟ್ಟುತ್ತದೆ. ಎಸ್‌ಯು ಕಾರ್ಬ್ಯುರೇಟರಿನ ಅಲ್ಯೂಮಿನಿಯಂ ಬಾಡಿ, ಟೈಮಿಂಗ್ ಕವರ್, ಇನ್‌ಟೇಕ್ ಮ್ಯಾನಿಫೋಲ್ಡ್ ಇವುಗಳಿಗೆ 30ರಿಂದ 50 ಪಿಎಸ್‌ಐಯಲ್ಲಿ ಮಂದ ಬೆಳ್ಳಿಯ ಮೈ ಬರುತ್ತದೆ, ಅಳತೆ ಬದಲಾಗುವುದಿಲ್ಲ. ಭಾಗವನ್ನು ಮೊದಲು ಡೀಸೆಲ್ಲೋ ಡಿಗ್ರೀಸರೋ ಹಾಕಿ ತೊಳೆದು, ಸೋಪುನೀರಲ್ಲಿ ಮತ್ತೆ ತೊಳೆದು ಒಣಗಿಸಿರಬೇಕು. ಜಿಡ್ಡು ತಾಗಿದ ಮಣಿಗಳು ಗಂಟುಕಟ್ಟಿ ಇಡೀ ಕ್ಯಾಬಿನೆಟ್ಟಿನ ಮಾಲು ಹಾಳಾಗುತ್ತದೆ.

ತುಕ್ಕು ಹಿಡಿದ ಉಕ್ಕಿಗೆ ಇದನ್ನು ಬಳಸುವುದು ದೊಡ್ಡ ತಪ್ಪು. ತುಕ್ಕಿನ ಗುಳಿಯ ಬಾಯಿಯನ್ನು ಮಣಿ ತಟ್ಟಿ ಮುಚ್ಚುತ್ತದೆ. ಮೇಲೆ ಹೊಳಪು, ಒಳಗೆ ತುಕ್ಕು ಹಾಗೇ ಕುಳಿತಿರುತ್ತದೆ, ವರ್ಷದೊಳಗೆ ಬಣ್ಣದ ಕೆಳಗಿಂದ ಗುಳ್ಳೆ ಏಳುತ್ತದೆ. ನಯವಾದ ಮೈಗೆ ಪ್ರೈಮರ್ ಹಿಡಿತವೂ ಸಾಲದು.

ಇಂಜಿನ್ ಭಾಗಗಳ ವಿಷಯದಲ್ಲಿ ಇನ್ನೊಂದು ಎಚ್ಚರ. ಆಯಿಲ್ ದಾರಿಗಳಲ್ಲಿ ಸಿಕ್ಕಿಕೊಂಡ ಒಂದೇ ಒಂದು ಚಿಟಿಕೆ ಮಣಿ ಬೇರಿಂಗ್ ಶೆಲ್‌ಗಳನ್ನು ತಿಂದುಹಾಕುತ್ತದೆ. ತೂತುಗಳಿಗೆ ರಬ್ಬರ್ ಬಿರಡೆ ಹಾಕಿ. ಹಾಕಲಾಗದ ಬ್ಲಾಕ್, ಕ್ರ್ಯಾಂಕ್, ರಾಕರ್ ಶಾಫ್ಟನ್ನು ಬ್ಲಾಸ್ಟ್ ಮಾಡಲೇಬೇಡಿ. ಪಿಸ್ಟನ್ ರಿಂಗಿನ ಗ್ರೂವ್‌ಗೂ ಇದೇ ಮಾತು. ಕಾರ್ಬ್ಯುರೇಟರಿನ ಜೆಟ್ ದಾರಿಗಳನ್ನು ಒಂದೊಂದಾಗಿ ಗಾಳಿ ಊದಿ, ಸ್ಪ್ರೇ ಹಾಯಿಸಿ ನೋಡಿ.

ಅಲ್ಯೂಮಿನಿಯಂಗೆ ಇದಕ್ಕಿಂತ ಒಳ್ಳೆಯದು ನೀರಿನ ಜತೆ ಮಣಿ ಹೊಡೆಯುವ ವೇಪರ್ ಬ್ಲಾಸ್ಟಿಂಗ್. ನೀರಿನ ಪದರ ಪೆಟ್ಟನ್ನು ಮೆತ್ತಗಾಗಿಸುತ್ತದೆ, ಧೂಳಿಲ್ಲ, ಮಣಿಯ ಚೂರು ಲೋಹಕ್ಕೆ ಅಂಟುವುದಿಲ್ಲ, ಬರುವ ಮೈ ಹೊಸ ಎರಕದಂತೆ ಕಾಣುತ್ತದೆ. ಉಕ್ಕಿಗೆ ಹಾಗಲ್ಲ. ನೀರು ಒಣಗುವ ಮುನ್ನವೇ ಕೆಂಪು ಬರುತ್ತದೆ. ತಡೆಯಲು ಹಾಕುವ ರಾಸಾಯನಿಕ ನಿಮ್ಮ ಪ್ರೈಮರಿಗೆ ಒಗ್ಗುತ್ತದೆಯೇ ಎಂದು ಪ್ರೈಮರ್ ಡಬ್ಬದ ತಾಂತ್ರಿಕ ಹಾಳೆ ನೋಡಿಯೇ ಮುಂದುವರಿಯಬೇಕು.

ಮೆತ್ತಗಿನವು: ಸೋಡ, ಪ್ಲಾಸ್ಟಿಕ್, ಅಕ್ರೋಟು ಚಿಪ್ಪು, ಡ್ರೈ ಐಸ್

ಸೋಡ ಅಂದರೆ ಅಡುಗೆ ಸೋಡವೇ, ದಪ್ಪ ಹರಳಿನದು. ಮೋಸ್ 2.5. ಬಣ್ಣ ತೆಗೆಯುತ್ತದೆ, ತಗಡನ್ನು ಮುಟ್ಟುವುದಿಲ್ಲ, ಗಾಜು, ಕ್ರೋಮ್ ಹತ್ತಿರವೂ ಹೆಚ್ಚು ಹಾನಿಯಿಲ್ಲ. ತುಕ್ಕು ಮಾತ್ರ ಹೋಗುವುದಿಲ್ಲ. ತಗಡಿಗೆ ಒರಟುತನ ಕೊಡದ ಕಾರಣ ಆಮೇಲೆ 80 ನಂಬರ್ ಪೇಪರಿನಲ್ಲಿ ಉಜ್ಜಲೇಬೇಕು. ಅಸಲಿ ತೊಂದರೆ ಉಳಿಕೆಯದು: ಸೋಡದ ಕ್ಷಾರ ಪದರ ಮಡಿಕೆಗಳಲ್ಲಿ ಉಳಿದರೆ ಪ್ರೈಮರ್ ಸಿಪ್ಪೆಯಂತೆ ಎದ್ದು ಬರುತ್ತದೆ. ಬಿಸಿನೀರು, ಆಮೇಲೆ ತೆಳುವಾದ ವಿನೆಗರ್ ನೀರು, ಮತ್ತೆ ಶುದ್ಧ ನೀರು, ಕೂಡಲೇ ಒಣಗಿಸುವುದು, ಇಷ್ಟೂ ಆಗಬೇಕು. ಎರಡು ತಗಡು ಸ್ಪಾಟ್ ವೆಲ್ಡ್ ಆದ ಜಾಗದೊಳಗೆ ಹೊಕ್ಕ ಸೋಡವನ್ನು ತೊಳೆಯುವುದು ಕಷ್ಟ, ಆದ್ದರಿಂದ ಬಿಚ್ಚಿಟ್ಟ ಬಾನೆಟ್, ಡಿಕ್ಕಿ ಮುಚ್ಚಳದ ಹೊರಮೈಗೆ ಮಾತ್ರ ಸೋಡ. ಕರಾವಳಿಯ ಹವೆಯಲ್ಲಿ ಅದು ಹೋಸಿನೊಳಗೇ ಗಂಟುಕಟ್ಟುವುದೂ ಉಂಟು.

ಪ್ಲಾಸ್ಟಿಕ್ ಮೀಡಿಯಾ ವಿಮಾನದ ತೆಳು ಅಲ್ಯೂಮಿನಿಯಂ ಮೈಯಿಂದ ಬಣ್ಣ ತೆಗೆಯಲು ಬಳಸುವಂಥದ್ದು, ಮೋಸ್ 3ರಿಂದ 4, 20ರಿಂದ 40 ಪಿಎಸ್‌ಐ. ಹೊರಮೈ ತಗಡಿಗೆ, ಫೈಬರ್ ಭಾಗಗಳಿಗೆ ಇದಕ್ಕಿಂತ ಸುರಕ್ಷಿತವಾದದ್ದಿಲ್ಲ. ಸಿಗುವುದು ಕಷ್ಟ, ಬೆಲೆ ಹೆಚ್ಚು, ತುಕ್ಕು ಇದಕ್ಕೂ ಬಗ್ಗುವುದಿಲ್ಲ. ಸಿಗದಿದ್ದರೆ ಪೇಂಟ್ ರಿಮೂವರ್ ಮತ್ತು ಆರ್ಬಿಟಲ್ ಸ್ಯಾಂಡರ್ ಹಿಡಿದು ಕೈಯಿಂದಲೇ ಮಾಡಿ. ಒಂದು ಬಾನೆಟ್ಟಿಗೆ ಅರ್ಧ ದಿನ ಹಿಡಿದರೂ ಆಕಾರ ಕೆಡುವುದಿಲ್ಲ.

ಅಕ್ರೋಟು ಚಿಪ್ಪಿನ ಪುಡಿ ಇನ್‌ಟೇಕ್ ವಾಲ್ವಿನ ಇಂಗಾಲ ತೆಗೆಯಲು ಚೆನ್ನ. ಮೆಕ್ಕೆಜೋಳದ ದಿಂಡಿನ ಪುಡಿಯೂ ಇದೇ ಜಾತಿ. ಜಿಡ್ಡು ಹೀರುತ್ತದೆ, ಅಷ್ಟೇ.

ಡ್ರೈ ಐಸ್ ಇವೆಲ್ಲಕ್ಕಿಂತ ಬೇರೆ. ಮೈನಸ್ 78.5 ಡಿಗ್ರಿಯ ಘನ ಇಂಗಾಲದ ಡೈಆಕ್ಸೈಡ್, ಅಕ್ಕಿಕಾಳಿನಷ್ಟು ಉಂಡೆಗಳು. ಬಡಿದ ಕೂಡಲೇ ಆವಿಯಾಗಿ ಹೋಗುತ್ತದೆ, ಗುಡಿಸಲು ಏನೂ ಉಳಿಯುವುದಿಲ್ಲ. ಮೂಲ ಬಣ್ಣ ಉಳಿಸಿಕೊಂಡು ತಳಭಾಗದ ಗ್ರೀಸು, ಕೆಸರು, ಹಳೆ ಅಂಡರ್‌ಕೋಟಿಂಗ್ ಮಾತ್ರ ತೆಗೆಯಬೇಕಾದ ಗಾಡಿಗೆ ಇದೇ ಸರಿ. ತುಕ್ಕು, ಗಟ್ಟಿ ಅಂಟಿದ ಬಣ್ಣ ಹೋಗುವುದಿಲ್ಲ. ಉಂಡೆಗಳು ಡಬ್ಬದಲ್ಲಿದ್ದರೂ ಆವಿಯಾಗುತ್ತ ಹೋಗುತ್ತವೆ, ತರಿಸಿದ ದಿನವೇ ಕೆಲಸ ಮುಗಿಸಬೇಕು. ಆವಿ ಗಾಳಿಗಿಂತ ಭಾರ. ಸರ್ವೀಸ್ ಗುಂಡಿಯಲ್ಲಿ ಇಳಿದು ಹೊಡೆದರೆ ಅಲ್ಲೇ ಮಡುಗಟ್ಟಿ ಉಸಿರು ಕಟ್ಟುತ್ತದೆ. ಕಾರನ್ನು ಲಿಫ್ಟಿಗೆ ಏರಿಸಿ, ಗಾಳಿಯಾಡುವ ಕಡೆ ಮಾಡಿಸಿ.

ಆಸಿಡ್ ತೊಟ್ಟಿಯಲ್ಲಿ ಅದ್ದುವುದು ಬ್ಲಾಸ್ಟಿಂಗ್ ಅಲ್ಲದಿದ್ದರೂ ಇದೇ ಮಾತಿನಲ್ಲಿ ಬರುವ ಆಯ್ಕೆ. ಪದ್ಮಿನಿ, ಅಂಬಾಸಿಡರ್‌ನಂಥ ಮಾನೊಕಾಕ್ ಬಾಡಿಯಲ್ಲಿ ಬಾಗಿಲ ಕೆಳಗಿರುವ ಸಿಲ್ ಪೆಟ್ಟಿಗೆಗಳೊಳಗೆ ಹೊಕ್ಕ ಆಸಿಡ್ ಪೂರ್ತಿ ಹೊರಬರುವುದಿಲ್ಲ, ಹೊಸ ಬಣ್ಣದ ಅಂಚಿನಲ್ಲಿ ಕೆಲ ತಿಂಗಳಲ್ಲಿ ಕಂದು ನೀರು ಒಸರುತ್ತದೆ. ಬಿಡಿ ಬ್ರಾಕೆಟ್ಟುಗಳಿಗೆ ಸರಿ, ಬಾಡಿಗೆ ಬೇಡ.

ಮನೆಯಲ್ಲೇ ಹೊಡೆಯುವವರ ಕಂಪ್ರೆಸರ್ ಲೆಕ್ಕ

ಬ್ಲಾಸ್ಟಿಂಗಿನಲ್ಲಿ ಒತ್ತಡಕ್ಕಿಂತ ಮೊದಲು ಕೈಕೊಡುವುದು ಗಾಳಿಯ ಪ್ರಮಾಣ. 3.2 ಮಿ.ಮೀ ನಾಝಲ್ 80 ಪಿಎಸ್‌ಐಯಲ್ಲಿ ಸುಮಾರು 17 ಸಿಎಫ್‌ಎಂ (ನಿಮಿಷಕ್ಕೆ 17 ಘನ ಅಡಿ) ಗಾಳಿ ಕುಡಿಯುತ್ತದೆ. ಒಂದು ಎಚ್‌ಪಿಗೆ ನಾಲ್ಕು ಸಿಎಫ್‌ಎಂ ಸಿಗದ ಕಂಪ್ರೆಸರ್‌ಗಳೇ ಹೆಚ್ಚು, ಹಾಗಾಗಿ ಅದಕ್ಕೇ 5 ಎಚ್‌ಪಿ ಬೇಕು. 4.8 ಮಿ.ಮೀ ನಾಝಲ್‌ಗೆ 38 ಸಿಎಫ್‌ಎಂ, ಅಂದರೆ 10 ಎಚ್‌ಪಿ. ಪಂಕ್ಚರ್ ಅಂಗಡಿಯ 2 ಎಚ್‌ಪಿ ಯಂತ್ರದಲ್ಲಿ ಒಂದು ನಿಮಿಷ ಹೊಡೆದು ಐದು ನಿಮಿಷ ಕಾಯುವುದೇ ಆಗುತ್ತದೆ.

ನಾಝಲ್ ಸವೆತವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. 4.8 ಮಿ.ಮೀ ತೂತು ಸವೆದು 6.4 ಆದರೆ ಗಾಳಿಯ ಬೇಡಿಕೆ 38ರಿಂದ 68 ಸಿಎಫ್‌ಎಂಗೆ ಹಾರುತ್ತದೆ. ಕಂಪ್ರೆಸರ್ ಕೊಡಲಾರದೆ ಒತ್ತಡ ಬೀಳುತ್ತದೆ, ಹೊಡೆಯುವವನು ಗಾರ್ನೆಟ್ಟನ್ನು ದೂರುತ್ತಾನೆ. ಸೆರಾಮಿಕ್ ನಾಝಲ್ ಕೆಲವೇ ಗಂಟೆ ಬಾಳುತ್ತದೆ, ಟಂಗ್‌ಸ್ಟನ್ ಕಾರ್ಬೈಡ್ ನೂರಾರು ಗಂಟೆ. ಡ್ರಿಲ್ ಬಿಟ್ ಒಂದನ್ನು ತೂತಿಗೆ ತೂರಿಸಿ ಆಗಾಗ ಅಳೆಯಿರಿ. ಇನ್ನೊಂದು: ಗಾಳಿಯ ಎಳೆತದಿಂದ ಕಾಳನ್ನು ಹೀರಿಕೊಳ್ಳುವ ಸಕ್ಷನ್ ಗನ್‌ನಲ್ಲಿ 80 ಪಿಎಸ್‌ಐ ಎಂದರೆ ಪ್ರೆಷರ್ ಪಾಟ್‌ನ 80 ಅಲ್ಲ. ಪಾಟ್‌ನಲ್ಲಿ ಕಾಳಿನ ವೇಗ ಬಹಳ ಹೆಚ್ಚು. ಮೇಲೆ ಕಾರಿನ ಬಾಡಿಗೆಂದು ಹೇಳಿದ 35ರಿಂದ 50 ಪಾಟ್‌ನ ಲೆಕ್ಕ.

ಆಮೇಲೆ ನೀರು. ಜುಲೈಯ ಮಂಗಳೂರಿನಲ್ಲಿ 28 ಡಿಗ್ರಿ, 90 ಶೇಕಡಾ ಆರ್ದ್ರತೆ ಇದ್ದರೆ ಒಂದು ಘನಮೀಟರ್ ಗಾಳಿಯಲ್ಲಿ 24 ಗ್ರಾಂಗೂ ಹೆಚ್ಚು ನೀರಾವಿ. 17 ಸಿಎಫ್‌ಎಂ ಎಂದರೆ ಗಂಟೆಗೆ ಸುಮಾರು 29 ಘನಮೀಟರ್. ಅಂದರೆ ಪ್ರತಿ ಗಂಟೆ ಮುಕ್ಕಾಲು ಲೀಟರಿನ ಹತ್ತಿರ ನೀರು ಕಂಪ್ರೆಸರಿನೊಳಗೆ ಹೋಗುತ್ತಿದೆ. ಟ್ಯಾಂಕಿನಿಂದ ಬಿಸಿಯಾಗಿ ಹೊರಟ ಗಾಳಿ ಹೋಸಿನಲ್ಲಿ ತಣ್ಣಗಾದಾಗ ಅದೇ ನೀರು ಗಾರ್ನೆಟ್ಟಿಗೆ ಬೆರೆತು ಕೆಸರಾಗುತ್ತದೆ, ನಾಝಲ್ ಬುಸ್ಸೆಂದು ತಡೆತಡೆದು ಉಗುಳುತ್ತದೆ. ಕಂಪ್ರೆಸರಿಗೂ ವಾಟರ್ ಸೆಪರೇಟರಿಗೂ ನಡುವೆ ಹತ್ತು ಮೀಟರ್ ಜಿಐ ಪೈಪನ್ನು ಸ್ವಲ್ಪ ಇಳಿಜಾರಾಗಿ ಹಾಕಿ, ತುದಿಯಲ್ಲಿ ಡ್ರೈನ್ ಇಡಿ. ಅರ್ಧ ಗಂಟೆಗೊಮ್ಮೆ ಟ್ಯಾಂಕಿನ ನೀರು ಬಿಡಿ. ಗಾರ್ನೆಟ್ ಚೀಲ ಹಲಗೆಯ ಮೇಲಿರಲಿ.

ಮುಖಕ್ಕೆ ಹೊರಗಿನಿಂದ ಗಾಳಿ ಬರುವ ಹೆಲ್ಮೆಟ್ ಬೇಕು, ಎನ್95 ಸಾಲದು. ಹಳೆ ಬಣ್ಣದಲ್ಲಿ ಸೀಸವೂ ಇರುತ್ತದೆ. ಆ ಗಾಳಿಯನ್ನು ಆಯಿಲ್ ಹಾಕುವ ಮಾಮೂಲಿ ಕಂಪ್ರೆಸರಿನಿಂದ ನೇರ ಕೊಡಬೇಡಿ, ಯಂತ್ರ ಕಾದಾಗ ಕಾರ್ಬನ್ ಮಾನಾಕ್ಸೈಡ್ ಬರಬಹುದು.

ಹೊಡೆದಾದ ಮೇಲಿನ ನಾಲ್ಕು ಗಂಟೆ

ಸರಿಯಾದ ಮೀಡಿಯಾ ಆರಿಸಿ, ಸರಿಯಾಗಿ ಹೊಡೆಸಿ, ಕೊನೆಗೆ ಸೋಲುವುದು ಹೆಚ್ಚಾಗಿ ಇಲ್ಲಿ. ಬ್ಲಾಸ್ಟ್ ಆದ ಉಕ್ಕಿಗಿಂತ ಬೇಗ ತುಕ್ಕು ಹಿಡಿಯುವ ವಸ್ತು ವರ್ಕ್‌ಶಾಪಿನಲ್ಲಿಲ್ಲ. ಬೂದು-ಬೆಳ್ಳಿಯ ಆ ಮೈಯನ್ನು ಬರಿಗೈಯಲ್ಲಿ ಮುಟ್ಟಿದರೆ ಮರುದಿನ ಐದು ಬೆರಳಿನ ಕಂದು ಗುರುತು ಕಾಣುತ್ತದೆ. ನಾಲ್ಕು ಗಂಟೆಯೊಳಗೆ ಇಪಾಕ್ಸಿ ಪ್ರೈಮರ್ ಬೀಳಬೇಕು. ಆರ್ದ್ರತೆ 85 ಶೇಕಡಾ ದಾಟಿದ್ದರೆ, ಅಥವಾ ತಗಡಿನ ಉಷ್ಣತೆ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ನೀರಾಗಿ ಕೂರುವ ಉಷ್ಣತೆ) 3 ಡಿಗ್ರಿಯಾದರೂ ಮೇಲಿಲ್ಲದಿದ್ದರೆ ಆ ದಿನ ಹೊಡೆಸಬೇಡಿ. ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆ ಡಿಸೆಂಬರಿನಿಂದ ಮಾರ್ಚ್‌ವರೆಗೆ ಈ ಕೆಲಸಕ್ಕೆ ಹೇಳಿಮಾಡಿಸಿದ ಕಾಲ. ಕರಾವಳಿಯಲ್ಲೂ ಅದೇ ತಿಂಗಳುಗಳನ್ನು ಕಾದುಕೊಳ್ಳಿ.

ಕಾರವಾರ, ಉಡುಪಿ ಕಡೆ ಓಡಿದ ಕಾರಿಗೆ ಇನ್ನೊಂದು ಪರೀಕ್ಷೆ ಬೇಕು. ಮಧ್ಯಾಹ್ನ ಬೆಳ್ಳಗೆ ಕಂಡ ಫ್ಲೋರಿನಲ್ಲಿ ಸಂಜೆಗೆ ಸೂಜಿಮೊನೆಯಷ್ಟು ಕಪ್ಪು ಚುಕ್ಕೆಗಳು ಎದ್ದರೆ ಗುಳಿಗಳ ತಳದಲ್ಲಿ ಉಪ್ಪು ಉಳಿದಿದೆ. ಮತ್ತೆ ಮತ್ತೆ ಹೊಡೆದರೆ ಅದು ಹೋಗುವುದಿಲ್ಲ. ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದು, ಬಿಸಿಗಾಳಿಯಲ್ಲಿ ಒಣಗಿಸಿ, ಆಮೇಲೆ ಹಗುರವಾಗಿ ಮತ್ತೊಮ್ಮೆ ಹೊಡೆಯಬೇಕು. ಚುಕ್ಕೆ ಬರದ ತನಕ ಪ್ರೈಮರ್ ಡಬ್ಬ ತೆರೆಯಬೇಡಿ.

ರೆಡ್ ಆಕ್ಸೈಡ್ ಪ್ರೈಮರ್ ಇಲ್ಲಿ ಸಾಲದು, ಅದು ತೇವ ಬಿಟ್ಟುಕೊಳ್ಳುತ್ತದೆ. ಎರಡು ಕೋಟ್ ಇಪಾಕ್ಸಿ ಹಾಕಿ, ಪುಟ್ಟಿ ಬೇಕಾದರೆ ಅದರ ಮೇಲೆ. ತಗಡಿನ ಒರಟುತನ ಪ್ರೈಮರಿನ ದಪ್ಪದೊಳಗೆ ಮುಳುಗಬೇಕು. ಬಾಡಿಯ ತಗಡಿಗೆ ಈ ಒರಟುತನ 25ರಿಂದ 40 ಮೈಕ್ರಾನ್ (ಮಿ.ಮೀಯ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ಸಾಕು. ದಪ್ಪ ಕಾಳಿನಿಂದ 75 ಮೈಕ್ರಾನ್ ಶಿಖರಗಳೆದ್ದರೆ ತುದಿಗಳು ಪ್ರೈಮರಿನಿಂದ ಹೊರಚಾಚಿ, ಸಾಸಿವೆ ಚೆಲ್ಲಿದಂತೆ ತುಕ್ಕು ಕಾಣಿಸುತ್ತದೆ. ಚಾಸಿಗೆ 50ರಿಂದ 75 ಇದ್ದರೂ ದಪ್ಪ ಕೋಟು ಅದನ್ನು ಮುಚ್ಚುತ್ತದೆ.

ಕೊಡುವ ಮುನ್ನ

ಪೀಣ್ಯದಂಥ ಕೈಗಾರಿಕಾ ಪ್ರದೇಶದ ಜಾಬ್‌ಶಾಪ್‌ಗಳ ಕೈ ಪಳಗಿರುವುದು ದಪ್ಪ ಉಕ್ಕಿನಲ್ಲಿ. ಯಾವ ಮೆಷ್, ಯಾವ ಒತ್ತಡ, ಯಾವ ನಾಝಲ್ ಎಂದು ಕೇಳಿ. 'ಎಲ್ಲದಕ್ಕೂ ಒಂದೇ' ಎಂದರೆ ಚಾಸಿ ಮಾತ್ರ ಕೊಟ್ಟು ಬನ್ನಿ. ಗುಣಮಟ್ಟಕ್ಕೆ ಐಎಸ್‌ಒ 8501-1ರ ಎಸ್‌ಎ 2.5 (ಬಣ್ಣ, ತುಕ್ಕು ಬಹುತೇಕ ಪೂರ್ತಿ ಹೋದ ಮಟ್ಟ) ಎಂದು ಬರೆಸಿಕೊಳ್ಳಿ. ಕಾರಿನ ಬಾಡಿಗೆ ಹೊಡೆಸುವ ಮುನ್ನ ಹಾಳಾದ ಮಡ್‌ಗಾರ್ಡ್ ತುಂಡೊಂದಕ್ಕೆ ಹೊಡೆಸಿ, ಸ್ಕೇಲ್ ಇಟ್ಟು ಬಾಗಿದೆಯೇ ನೋಡಿ.

ಚಾಸಿ ನಂಬರ್ ಕೊರೆದ ಜಾಗವನ್ನು ಮೊದಲೇ ಫೋಟೊ ತೆಗೆದು, ಪೆನ್ಸಿಲ್ ಪ್ರಿಂಟ್ ತೆಗೆದಿಟ್ಟುಕೊಂಡು, ಎರಡು ಪದರ ಡಕ್ಟ್ ಟೇಪು ಮತ್ತು ರಬ್ಬರ್ ತುಂಡು ಅಂಟಿಸಿ ಮುಚ್ಚಿ. ದಪ್ಪ ಗ್ರಿಟ್ ಬಿದ್ದು ಅಂಕಿಗಳ ಅಂಚು ಸವೆದರೆ ಆರ್‌ಟಿಒ ತಪಾಸಣೆಯಲ್ಲಿ ವಿವರಿಸುವುದು ನಿಮ್ಮ ಪಾಲಿಗೆ ಬರುತ್ತದೆ. 2021ರ ಜುಲೈ ತಿದ್ದುಪಡಿಯ ಪ್ರಕಾರ 50 ವರ್ಷ ದಾಟಿದ, ಮೂಲರೂಪದಲ್ಲೇ ಇರುವ ಗಾಡಿಗೆ ವಿಂಟೇಜ್ 'ವಿಎ' ಸರಣಿಯ ನೋಂದಣಿ ಮಾಡಿಸಬೇಕೆಂದಿರುವವರಿಗೆ ಆ ಅಂಕಿಗಳೇ ಆಸ್ತಿ. ಕಂಪನಿಯ ಮೂಲ ಗುರುತಿನ ಪ್ಲೇಟುಗಳನ್ನು ರಿವೆಟ್ ಕಿತ್ತು ಮನೆಯಲ್ಲಿಡಿ. ಕ್ರೋಮ್ ಬಂಪರಿನ ಹಿಂಬದಿಗೆ ಮಾತ್ರ ಹೊಡೆಸುವುದಾದರೂ ಮುಂಬದಿಯ ಅಂಚು ದಾಟಿ ಟೇಪು ಸುತ್ತಿ.

ವಾಪಸು ತಂದ ಬಾಡಿಯನ್ನು ನೇರ ಪ್ರೈಮರ್ ಗನ್ನಿನ ಮುಂದೆ ನಿಲ್ಲಿಸಬೇಡಿ. ಸಿಲ್, ಬಾಗಿಲು, ಪಿಲ್ಲರ್ ಒಳಗೆ ಕಿಲೋಗಟ್ಟಲೆ ಗಾರ್ನೆಟ್ ಕೂತಿರುತ್ತದೆ. ರಬ್ಬರ್ ಸುತ್ತಿಗೆಯಿಂದ ತಟ್ಟುತ್ತ ಗಾಳಿ ಊದಿ, ವ್ಯಾಕ್ಯೂಮ್ ಹಿಡಿಯಿರಿ; ಬಾಡಿಯನ್ನು ಓರೆ ಮಾಡಿ ಮತ್ತೊಮ್ಮೆ. ಊದದೆ ಬಿಟ್ಟರೆ ಸ್ಪ್ರೇ ಗಾಳಿಗೆ ಅದು ಎದ್ದು ಬಂದು ಹಸಿ ಬಣ್ಣದ ಮೇಲೆ ಕೂರುತ್ತದೆ. ಕೊನೆಗೆ ಬಾಗಿಲ ತಳದ ನೀರು ಹೋಗುವ ತೂತುಗಳಿಗೆ ಒಂದೊಂದಾಗಿ ತಂತಿ ಹಾಕಿ ಬಿಡಿಸಿ. ಅಲ್ಲಿ ಗಾರ್ನೆಟ್ ಕಟ್ಟಿಕೊಂಡರೆ ಮುಂದಿನ ಮಳೆಗಾಲದ ನೀರು ಹೊಸ ಬಣ್ಣದ ಬಾಗಿಲೊಳಗೇ ನಿಲ್ಲುತ್ತದೆ.